ದೊಡ್ಡ ಕಥೆಯ ಹಿಟ್ಟು

ಫೆಬ್ರವರಿ ೧೧

ಮಗಳಿಗೆ,

ಎಡಗೈ ಕ್ಷೇಮ. ಬಲಗೈ ಇನ್ನೂ ಮುನಿಸಿಕೊಂಡಿದೆ. ಮಿಕ್ಕ ನಾನು ಗಟ್ಟಿಯಾಗಿದ್ದೇನೆ.

ಈ ಕಾಗೆ ಕಾಲಿನ ಅಕ್ಷರ ನೋಡಿ ಗಾಬರಿಯಾಗಬೇಡ. ಆಪರೇಷನ್ ಆದ ಮೇಲೆ ಕೈಗೆ ವ್ಯಾಯಾಮ ಮಾಡಿಸಲು ಒಬ್ಬ ಮೇಡಂ ಬರುತ್ತಾರೆ. "ದಿನಾ ಒಂದು ಪುಟ ಬರೀರಿ, ಬೆರಳಿಗೆ ಬುದ್ಧಿ ಬರುತ್ತೆ" ಅಂದರು. ಏನು ಬರೆಯಲಿ ಅಂತ ಕೇಳಿದೆ. "ಏನಾದ್ರೂ ಬರೀರಿ, ನಿಮ್ಮ ಹೆಸರನ್ನೇ ನೂರು ಸಲ ಬರೀರಿ" ಅಂದರು. ನನ್ನ ಹೆಸರನ್ನು ನೂರು ಸಲ ಬರೆಯುವಷ್ಟು ಪ್ರೀತಿ ನನಗೆ ನನ್ನ ಮೇಲಿಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಫೋನ್ ಇದೆಯಲ್ಲ ಅನ್ನಬೇಡ. ಫೋನಿನಲ್ಲಿ ನೀನು "ಹೂಂ ಅಮ್ಮ, ಸರಿ ಅಮ್ಮ, ಇಡ್ತೀನಿ ಅಮ್ಮ" ಅಂತ ಮೂರೇ ಮಾತಿನಲ್ಲಿ ನನ್ನನ್ನು ಮುಗಿಸಿಬಿಡುತ್ತೀಯ. ಕಾಗದವನ್ನು ಹಾಗೆ ಮುಗಿಸಲಾಗದು. ನೀನೂ ಕಾಗದದಲ್ಲೇ ಉತ್ತರ ಕೊಡು.

ನಿನ್ನ ಸೋದರಮಾವನ ಮನೆ ಆರಾಮಾಗಿದೆ. ಎಷ್ಟು ಆರಾಮ ಅಂದರೆ, ಬೆಳಗಿನಿಂದ ಸಂಜೆಯವರೆಗೆ ಇಲ್ಲಿ ಯಾರಿಗೂ ಯಾರ ಕೈಯೂ ಬೇಕಾಗುವುದಿಲ್ಲ. ಕೋಣೆಗೆ ಕಾಲಿಟ್ಟರೆ ದೀಪ ತಾನೇ ಹತ್ತಿಕೊಳ್ಳುತ್ತದೆ. ಅಲ್ಲಾಡದೆ ಕೂತರೆ ತಾನೇ ಆರಿಹೋಗುತ್ತದೆ. ನಿನ್ನೆ ಕಾಫಿ ಕುಡಿಯುತ್ತಾ ಏನೋ ಯೋಚನೆಯಲ್ಲಿ ಕೂತಿದ್ದೆ, ನಾನು ಹೋಗಿಯೇಬಿಟ್ಟೆ ಅಂದುಕೊಂಡು ಕತ್ತಲು ಮಾಡಿಬಿಟ್ಟಿತು. ಊಟದ ತಟ್ಟೆಯಷ್ಟಗಲದ ಒಂದು ಮಷೀನು ನೆಲದ ಮೇಲೆ ಓಡಾಡಿ ಕಸ ಗುಡಿಸುತ್ತದೆ. ಅದಕ್ಕೆ ಆಮೆ ಅಂತ ಹೆಸರಿಟ್ಟಿದ್ದೇನೆ. ಕೈಗೆ ಕೆಲಸವೇ ಇಲ್ಲದ ಈ ಮನೆಗೆ, ಕೈಗೆ ಕೆಲಸ ಕೊಡಿಸಲು ಒಬ್ಬರು ಬಂದು ಹೋಗುತ್ತಾರೆ. ನಗು ಬರುತ್ತದೆ.

ಬೇಕರಿ ಹೇಗಿದೆ? ನಾನಿಲ್ಲ ಅಂತ ಹಿಟ್ಟಿಗೆ ಮೋಸ ಮಾಡಬೇಡಿ. ಬನ್ನಿನ ಹಿಟ್ಟು ನಾದುವಾಗ ಸಣ್ಣ ಕಥೆ, ಬ್ರೆಡ್ಡಿನದಕ್ಕೆ ದೊಡ್ಡ ಕಥೆ. ನಿನ್ನ ದೊಡ್ಡಮ್ಮನಿಗೆ ಗಂಟಲು ಕೆಟ್ಟಿದ್ದರೆ ಬಿಸಿನೀರು ಕೊಡು. ಅಕ್ಕ ಕಥೆ ಹೇಳದ ದಿನ ನಮ್ಮ ಬ್ರೆಡ್ಡು ಚೆನ್ನಾಗಿ ಬಂದಿದ್ದೇ ಇಲ್ಲ.

ಪಿಳ್ಳೆಗೆ ಮುತ್ತು. ನನ್ನ ಕೈ ಹಿಡಿದುಕೊಂಡು ಮಲಗುತ್ತಿದ್ದ ಮೊಮ್ಮಗಳು, ಈಗ ಏನು ಮಾಡುತ್ತಾಳೋ.

ಒಂದೂವರೆ ಕೈಯ
ಅಮ್ಮ


ಫೆಬ್ರವರಿ ೨೪

ಅಮ್ಮನಿಗೆ,

ಒಲೆ ಕ್ಷೇಮ, ಪಿಳ್ಳೆ ಕ್ಷೇಮ, ದೊಡ್ಡಮ್ಮ ನಮ್ಮೆಲ್ಲರಿಗಿಂತ ಒಂದು ಕೈ ಹೆಚ್ಚು ಕ್ಷೇಮ.

ನಿನ್ನ ಅಕ್ಷರ ನೋಡಿ ದೊಡ್ಡಮ್ಮ ಕಣ್ಣೊರೆಸಿಕೊಂಡರು. ಆಮೇಲೆ "ಮೊದಲೇನು ಮುತ್ತು ಪೋಣಿಸ್ತಿದ್ಲಾ, ಬಿಡು" ಅಂದರು.

ಸುತ್ತಿ ಬಳಸಿ ಹೇಳಿದರೆ ನಿನಗೆ ಸಿಟ್ಟು ಬರುತ್ತೆ, ಅದಕ್ಕೆ ನೇರವಾಗಿ ಬರೀತೀನಿ. ನಾನು ಹಿಟ್ಟು ನಾದುವ ಮಷೀನು ತಂದಿದ್ದೇನೆ. ಆಚೆ ಬೀದಿಯ ಬೇಕರಿಯವರು ಅಂಗಡಿ ಮುಚ್ಚುತ್ತಿದ್ದರು, ಅವರದ್ದು. ಹಳೆಯದಾದರೂ ಗಟ್ಟಿ ಇದೆ. ದೊಡ್ಡ ಹಂಡೆಯಂಥ ಪಾತ್ರೆ, ಒಳಗೆ ತಿರುಗುವ ಕೊಕ್ಕೆ. ನಾವು ಮೂವರೂ ಬೆವರು ಸುರಿಸಿ ಮಾಡುತ್ತಿದ್ದ ಕೆಲಸವನ್ನು ಅದು ಹಾಡಿಕೊಂಡು ಮಾಡುತ್ತದೆ. ಹಾಡು ಸ್ವಲ್ಪ ಕರ್ಕಶ, ಅಷ್ಟೆ.

ನಾವಿಬ್ಬರೇ ಎಷ್ಟು ನಾದೋಕೆ ಆಗುತ್ತೆ ಅಮ್ಮ? ದೊಡ್ಡಮ್ಮನ ಮಂಡಿ ಹಿಡಿದುಕೊಂಡಿದೆ. ನಿನ್ನ ಅಳಿಯಂದಿರು ವಾರದಲ್ಲಿ ಐದು ರಾತ್ರಿ ಬಸ್ಸು ಓಡಿಸುತ್ತಾರೆ. ಪಿಳ್ಳೆಯನ್ನು ಅರೆನಿದ್ದೆಯಲ್ಲಿ ಎತ್ತಿಕೊಂಡು ಪಕ್ಕದ ಮನೆ ಟೀಚರ್ ಹತ್ತಿರ ಮಲಗಿಸಿ, ಊರೆಲ್ಲ ಮಲಗಿರುವಾಗ ನಾನು ಹೊರಡಬೇಕು. ಇನ್ನು ಮೇಲೆ ಬೆಳಕು ಹರಿಯುವ ಹೊತ್ತಿಗೆ ಹೊರಟರೆ ಸಾಕು.

ಬೈಯುವುದಿದ್ದರೆ ಉದ್ದಕ್ಕೆ ಬೈ. ಬೆರಳಿಗೆ ವ್ಯಾಯಾಮವಾಗುತ್ತೆ.

ನಿನ್ನ
ಮಗಳು


ಮಾರ್ಚ್ ೩

ಸಾಹುಕಾರ್ತಿಗೆ,

ಬೈಯುವುದಿಲ್ಲ. ಬೈಯಲು ನಾನು ಯಾರು? ನಿನ್ನ ತೋಳು, ನಿನ್ನ ಬೇಕರಿ.

ಒಂದು ಮಾತು ಮಾತ್ರ ಹೇಳುತ್ತೇನೆ. ನನ್ನ ಈ ತೋಳು ನೋಡಿ ಆಪರೇಷನ್ ಮಾಡಿದ ಡಾಕ್ಟರ್ "ನೀವು ಯಾವ ಆಟ ಆಡ್ತಿದ್ರಿ?" ಅಂತ ಕೇಳಿದರು. "ಬ್ರೆಡ್ಡಿನ ಆಟ" ಅಂದೆ. ನಗಲಿಲ್ಲ, ಭುಜದವರೆಗೂ ಒತ್ತಿ ನೋಡಿದರು. ಮಷೀನಿನ ತೋಳು ಒತ್ತಿ ಯಾರೂ ಹಾಗೆ ಕೇಳುವುದಿಲ್ಲ.

ಅದಿರಲಿ. ನಮ್ಮ ಬೇಕರಿಯಲ್ಲಿ ಇಲಿ ಮಗ್ಗುಲು ಬದಲಿಸಲೂ ಜಾಗವಿಲ್ಲ. ಹಂಡೆಯಂಥ ಮಷೀನನ್ನು ಎಲ್ಲಿಟ್ಟೆ?

ಅಮ್ಮ


ಮಾರ್ಚ್ ೧೫

ಅಮ್ಮನಿಗೆ,

ಮೊದಲ ದಿನದ ಕಥೆ ಹೇಳಿಬಿಡುತ್ತೇನೆ, ನಗು. ಎಷ್ಟು ಹೊತ್ತು ತಿರುಗಿಸಬೇಕು ಅಂತ ಮಷೀನಿನ ಮೇಲೆ ಬರೆದಿರಲಿಲ್ಲ. ಕಥೆ ಬಿಟ್ಟರೆ ನಮಗಾದರೂ ಯಾವ ಅಳತೆ ಗೊತ್ತಿತ್ತು? ದೊಡ್ಡಮ್ಮನನ್ನು ಮಷೀನಿನ ಪಕ್ಕ ಕೂರಿಸಿ "ದೊಡ್ಡ ಕಥೆ ಹೇಳಿ" ಅಂದೆ. ಹಡಗಿನ ಅಡುಗೆಯವಳ ಕಥೆ ಶುರುವಾಯಿತು. ಆ ಗದ್ದಲದಲ್ಲಿ ನಮಗೆ ಕೇಳಿಸಬೇಕಲ್ಲ, ದೊಡ್ಡಮ್ಮ ಕಿರುಚಿಕೊಂಡೇ ಹೇಳಿದರು. "ಅವಳು ಮೆಲ್ಲಗೆ ಅವನ ಕಿವಿಯಲ್ಲಿ ಹೇಳಿದ್ಲು" ಅನ್ನುವುದನ್ನೂ ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದರು. ಹಾಲಿನವನು ಜಗಳ ಅಂದುಕೊಂಡು ಒಳಗೆ ಓಡಿಬಂದ.

ಅಡುಗೆಯವಳು ದಡ ಸೇರುವಷ್ಟರಲ್ಲಿ ಹಿಟ್ಟು ಗೋಂದಾಗಿತ್ತು. ಪಾತ್ರೆಯಿಂದ ಕಿತ್ತರೆ ಕೈಗೆ, ಕೈಯಿಂದ ಕಿತ್ತರೆ ಸೀರೆಗೆ. ಒಲೆಗೆ ಹಾಕಿದರೆ ಉಬ್ಬಲೇ ಇಲ್ಲ. ಅಂಗಡಿ ತೆರೆದಾಗ ಕಪಾಟು ಖಾಲಿ. ನನ್ನ ಜೀವಮಾನದಲ್ಲಿ ಅದನ್ನು ಖಾಲಿ ನೋಡಿದ್ದು ಅದೇ ಮೊದಲು. ಈಗ ಕಥೆಯ ಕಾಲು ಭಾಗಕ್ಕೇ ನಿಲ್ಲಿಸುತ್ತೇನೆ. ಕೆಲವು ದಿನ ಚೆನ್ನಾಗಿ ಬರುತ್ತೆ, ಕೆಲವು ದಿನ ಇಟ್ಟಿಗೆ. ಯಾಕೆ ಅಂತ ತಿಳಿಯುತ್ತಿಲ್ಲ.

ಮಷೀನು ಎಲ್ಲಿಟ್ಟೆ ಅಂತ ನೀನು ಕೇಳಿದ್ದೆ. ಹೋದ ಕಾಗದದಲ್ಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಮೇಜು ಕತ್ತರಿಸಿದೆ, ಅಮ್ಮ.

ಅಪ್ಪ ಒಂದೇ ಹಲಗೆಯಲ್ಲಿ ಮಾಡಿದ ಮೇಜು ಅಂತ ಗೊತ್ತು. ಅಪ್ಪನ ಕೈಯಿಂದ ಆದದ್ದರಲ್ಲಿ ಉಳಿದಿರುವುದು ಅದೊಂದೇ ಅಂತಲೂ ಗೊತ್ತು. ಆದರೆ ಬಾಗಿಲಿನಿಂದ ಒಲೆಯವರೆಗೆ ಅದೇ ಮಲಗಿದ್ದರೆ ಮಷೀನು ಎಲ್ಲಿ ನಿಲ್ಲಬೇಕು? ಬಡಗಿಯನ್ನು ಕರೆಸಲಿಲ್ಲ. ಅಪ್ಪನ ಗರಗಸದಿಂದ ನಾನೇ ಕುಯ್ದೆ. ನೇರವಾಗಿ ಬಂದಿದೆ.

ನಿನ್ನ
ಮಗಳು


ಏಪ್ರಿಲ್ ೨೧

ಅಮ್ಮನಿಗೆ,

ಒಂದು ತಿಂಗಳಾಯಿತು, ನಿನ್ನ ಕಾಗದವಿಲ್ಲ. ಮಾಮನಿಗೆ ಫೋನ್ ಮಾಡಿದರೆ "ಅಕ್ಕ ಚೆನ್ನಾಗಿದಾಳೆ, ದಿನಾ ಬರೀತಾನೇ ಇರ್ತಾಳೆ" ಅಂದರು. ಏನು ಬರೆಯುತ್ತಿದ್ದೀಯ? ನಿನ್ನ ಹೆಸರು ನೂರು ಸಲವಾ?

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನು ಮಾತು ಬಿಟ್ಟರೆ ನನಗೆ ತಡೆಯುವುದಿಲ್ಲ ಅಂತ ನಿನಗೆ ಚಿಕ್ಕಂದಿನಿಂದ ಗೊತ್ತು.

ಇಲ್ಲಿ ಒಂದು ವಿಚಿತ್ರ ಆಗುತ್ತಿದೆ. ದೊಡ್ಡಮ್ಮನ ಕಥೆ ಮುಗಿಯುತ್ತಿಲ್ಲ. ತಮಾಷೆಯಲ್ಲ. ಮಷೀನು ನಿಂತ ಮೇಲೆ ನಾವು ಅರ್ಧ ಮೇಜಿನ ಎರಡು ಬದಿಗೆ ನಿಂತು ಉಂಡೆ ಕಟ್ಟುತ್ತೇವಲ್ಲ, ಆಗ ಶುರು ಮಾಡುತ್ತಾರೆ. ಟ್ರೇ ಒಲೆಗೆ ಹೋದರೂ ನಡೆಯುತ್ತಿರುತ್ತೆ. ಅಂಗಡಿ ತೆರೆದರೂ ನಡೆಯುತ್ತಿರುತ್ತೆ. ಮಾರನೆಯ ದಿನ ಅಲ್ಲಿಂದಲೇ ಮುಂದಕ್ಕೆ. ಆ ಅಡುಗೆಯವಳು ಮೂರು ಸಮುದ್ರ ದಾಟಿದ್ದಾಳೆ, ಎರಡು ಮದುವೆಯಾಗಿದ್ದಾಳೆ, ಈಗ ಅವಳಿಗೊಬ್ಬಳು ಅವಳಿ ತಂಗಿ ಬೇರೆ ಹುಟ್ಟಿಕೊಂಡಿದ್ದಾಳೆ. "ಮುಗಿಸಿ ದೊಡ್ಡಮ್ಮ" ಅಂದರೆ ಕಕ್ಕಾಬಿಕ್ಕಿಯಾಗಿ ನನ್ನ ಕೈ ನೋಡುತ್ತಾರೆ. ನಿನ್ನೆ ಅರ್ಧಕ್ಕೆ ಎದ್ದು "ಈ ಬೇಕರಿಲಿ ಕಥೆಗೆ ಮರ್ಯಾದೆ ಇಲ್ಲ" ಅಂತ ಮನೆಗೆ ಹೊರಟುಹೋದರು. ಇವತ್ತು ಬಂದಿಲ್ಲ.

ನೀವಿಬ್ಬರೂ ಸೇರಿ ನನಗೆ ಬಹಿಷ್ಕಾರ ಹಾಕಿದ್ದೀರಾ?

ಮಗಳು


ಏಪ್ರಿಲ್ ೨೯

ಮಗಳಿಗೆ,

ದಿನಾ ಬರೆದದ್ದು ನಿಜ. ಬರೆದದ್ದನ್ನು ಕಳಿಸಲಿಲ್ಲ. ಕಳಿಸುವಂಥ ಮಾತುಗಳಲ್ಲ ಅವು.

ಆ ಮೇಜಿನ ಮೇಲೆ ನಾನು ನಾದಿದ ಹಿಟ್ಟಿನಲ್ಲಿ ನೀನು ಓದಿದೆ, ನಿನ್ನ ಮದುವೆಯಾಯಿತು. ನಿನ್ನ ಅಪ್ಪ ಅದರ ಕಾಲಿಗೆ ಕೊನೆಯ ಮೊಳೆ ಹೊಡೆದು, "ಇದು ನಮ್ಮಿಬ್ಬರಿಗಿಂತ ಹೆಚ್ಚು ದಿನ ಬಾಳುತ್ತೆ ನೋಡು" ಅಂದಿದ್ದರು. ಅವರ ಗರಗಸದಿಂದಲೇ ಕುಯ್ದೆ ಅಂತ ಹೆಮ್ಮೆಯಿಂದ ಬರೆದಿದ್ದೀಯ.

ಆಯಿತು. ಮಷೀನಿನಿಂದ ಹೊತ್ತು ಉಳಿಯಿತು ಅನ್ನುತ್ತೀಯ. ಇಲ್ಲೂ ಎಲ್ಲರೂ ಅದನ್ನೇ ಹೇಳುತ್ತಾರೆ. ಆಮೆಯಿಂದ ಹೊತ್ತು ಉಳಿಯಿತು, ಪಾತ್ರೆ ತೊಳೆಯುವ ಮಷೀನಿನಿಂದ ಉಳಿಯಿತು. ಉಳಿದ ಹೊತ್ತಿನಲ್ಲಿ ನಿನ್ನ ಮಾವ ಆಮೆ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಮಂಚದ ಕೆಳಗೆ ಬೋರಲಾಗಿ ಮಲಗಿ ಹುಡುಕುತ್ತಾನೆ. ನಿಮ್ಮ ಉಳಿತಾಯ ನನ್ನ ಕಣ್ಣಿಗೆ ಮಾತ್ರ ಬೀಳುತ್ತಿಲ್ಲ.

ನೀನು ಉಳಿಸಿದ ಹೊತ್ತನ್ನು ಎಲ್ಲಿಟ್ಟಿದ್ದೀಯ? ಅಷ್ಟು ಹೇಳು.

ಅಮ್ಮ


ಮೇ ೭

ಅಮ್ಮನಿಗೆ,

ಎಲ್ಲಿಟ್ಟಿದ್ದೀಯ ಅಂತ ಕೇಳಿದೆ. ಕೇಳಿದ್ದು ಒಳ್ಳೆಯದಾಯಿತು.

ಏನೂ ಮಾಡುವುದಿಲ್ಲ. ಹೊಸ ತಿಂಡಿ ಕಲಿತಿಲ್ಲ, ಅಂಗಡಿ ದೊಡ್ಡದು ಮಾಡಿಲ್ಲ. ಮಲಗುತ್ತೇನೆ. ನನ್ನ ಮಗಳ ಪಕ್ಕದಲ್ಲಿ, ನನ್ನ ಮನೆಯಲ್ಲಿ, ಬೆಳಗಾಗುವವರೆಗೆ ಮಲಗುತ್ತೇನೆ. ಆಮೇಲೆ ಅವಳು ಏಳುವುದನ್ನು ನೋಡುತ್ತೇನೆ.

ಪಿಳ್ಳೆ ಹೇಗೆ ಏಳುತ್ತಾಳೆ ಗೊತ್ತಾ? ಒಂದೇ ಕಣ್ಣು ಬಿಡುತ್ತಾಳೆ. ಅದರಿಂದ ಕೋಣೆಯನ್ನೆಲ್ಲ ಪರೀಕ್ಷೆ ಮಾಡುತ್ತಾಳೆ. ಎಲ್ಲ ಸರಿಯಾಗಿದೆ ಅನ್ನಿಸಿದರೆ ಎರಡನೆಯದು. ನಾನು ಪಕ್ಕದಲ್ಲಿರುವುದನ್ನು ಕಂಡು ಮೊದಲ ಒಂದು ವಾರ "ನೀನು ಯಾಕೆ ಹೋಗಿಲ್ಲ? ಬೇಕರಿ ಸುಟ್ಟುಹೋಯ್ತಾ?" ಅಂತ ಕೇಳಿದಳು. ಈಗ ಕೇಳುವುದಿಲ್ಲ. ಕಾಲು ಎತ್ತಿ ನನ್ನ ಹೊಟ್ಟೆಯ ಮೇಲೆ ಹಾಕಿ ಇನ್ನೊಂದು ಚೂರು ನಿದ್ದೆ ಮಾಡುತ್ತಾಳೆ. ಅಷ್ಟೇ ನನ್ನ ಉಳಿತಾಯ. ನಿನಗೆ ಕಡಿಮೆ ಅನ್ನಿಸಬಹುದು. ನಾನು ಇದನ್ನು ಯಾರಿಗೂ, ಯಾವ ಮೇಜಿಗೂ ಬಿಟ್ಟುಕೊಡುವುದಿಲ್ಲ.

ನಾನು ಹೇಗೆ ಏಳುತ್ತಿದ್ದೆ ಅಂತ ನಿನಗೆ ಗೊತ್ತಾ ಅಮ್ಮ? ಗೊತ್ತಿದ್ದದ್ದು ಅಪ್ಪನಿಗೆ. ಅವರನ್ನು ಕೇಳೋಣ ಅಂದರೆ ಅವರಿಲ್ಲ.

ಇನ್ನೊಂದು ವಿಷಯ. ಬರೆಯಬಾರದು ಅಂದುಕೊಂಡಿದ್ದೆ, ಆದರೆ ನನಗೂ ಸಿಟ್ಟು ಬಂದಿದೆ. ಒಂದು ವರ್ಷದಿಂದ ಬೆಳಗ್ಗೆ ಎದ್ದರೆ ನನ್ನ ಬಲಗೈಯ ಮೂರು ಬೆರಳು ಜೋಮು ಹಿಡಿದಿರುತ್ತವೆ. ಪಿಳ್ಳೆಯ ತಲೆ ಬಾಚುವಾಗ ಬಾಚಣಿಗೆ ಕೈಯಲ್ಲಿದೆಯೋ ಬಿತ್ತೋ ತಿಳಿಯುವುದಿಲ್ಲ. ನಿನ್ನದೂ ಹೀಗೇ ಶುರುವಾಗಿದ್ದು. ನೀನು ಹಲ್ಲು ಕಚ್ಚಿಕೊಂಡು ಯಾರಿಗೂ ಹೇಳದೆ ನಾದಿದೆ, ಕೈ ಕಳೆದುಕೊಂಡೆ. ಅದಕ್ಕೆ ಊರೆಲ್ಲ ನಿನ್ನನ್ನು ಹೊಗಳಿತು. ನಾನು ಹೊಗಳಿಸಿಕೊಳ್ಳುವುದಿಲ್ಲ. ಮಷೀನು ತಂದೆ.

ಮಗಳು


ಜೂನ್ ೧೯

ಮಗಳಿಗೆ,

ಈ ಕಾಗದ ಎಷ್ಟು ಸಲ ಶುರು ಮಾಡಿದೆನೋ. ಕೈ ನೋವಿನಿಂದಲ್ಲ.

ಮೊದಲು ನಿನ್ನ ಬೆರಳು. ನಾಳೆಯೇ ಡಾಕ್ಟರ ಹತ್ತಿರ ಹೋಗು. ನಿನ್ನ ಕಾಗದಗಳಲ್ಲಿ ಒತ್ತಕ್ಷರಗಳು ಸಾಲು ಬಿಟ್ಟು ಜಾರುತ್ತಿದ್ದವು, ಅವಸರದಲ್ಲಿ ಬರೆದಿದ್ದೀಯ ಅಂದುಕೊಂಡಿದ್ದೆ. ಮಷೀನು ತಂದದ್ದು ಸರಿ. ಎರಡನೇ ಸಲ ಬರೆಯುವುದಿಲ್ಲ, ಬೇಕಾದರೆ ಇದನ್ನೇ ಎರಡು ಸಲ ಓದಿಕೋ.

ನನ್ನ ಕೈ. ನಿನ್ನೆ ಡಾಕ್ಟರು ಕೈಯ ಆಸರೆ ಪಟ್ಟಿ ಪೂರ್ತಿ ತೆಗೆದು ನೋಡಿದರು. ಶಕ್ತಿ ಇನ್ನು ಮೊದಲಿನ ಹಾಗೆ ಬರುವುದಿಲ್ಲವಂತೆ. "ಹಿಟ್ಟು ನಾದೋದನ್ನ ಮರೆತುಬಿಡಿ" ಅಂದರು. ಎಷ್ಟು ಸಲೀಸಾಗಿ ಅಂದರು ಅಂತೀಯ, ಕೊಡೆ ಮರೆತು ಬಂದ ಹಾಗೆ. ಆದರೆ ಒಂದು ಆಶ್ಚರ್ಯ, ಬೆರಳ ತುದಿಗೆ ಸ್ಪರ್ಶ ಪೂರ್ತಿ ಮರಳಿದೆ. ಕಾಗದದ ಮೇಲೆ ಬೆರಳಾಡಿಸಿದರೆ ಅದರ ನಾರು ತಿಳಿಯುತ್ತದೆ. ಎಷ್ಟು ವರ್ಷವಾಗಿತ್ತೋ ಹೀಗೆ ತಿಳಿದು.

ಇನ್ನು ನಿನ್ನ ದೊಡ್ಡಮ್ಮನ ಕಥೆ. ಅಲ್ಲವೇ ಹುಚ್ಚುಹುಡುಗಿ, ಇಷ್ಟು ವರ್ಷ ಆ ಮೇಜಿನ ಇನ್ನೊಂದು ತುದಿಯಲ್ಲಿ ನಿಂತು ನಾದಿದ್ದೀಯ, ಒಂದು ದಿನವೂ ಗಮನಿಸಲಿಲ್ಲವಾ? ಕಥೆ ಮುಗಿದಾಗ ಹಿಟ್ಟು ಆಗುತ್ತಿರಲಿಲ್ಲ. ಹಿಟ್ಟು ಆದಾಗ ಕಥೆ ಮುಗಿಯುತ್ತಿತ್ತು.

ನಾನು ನಾದುತ್ತಾ ನಾದುತ್ತಾ ಬೆರಳಿನಿಂದ ಹಿಟ್ಟನ್ನು ಒತ್ತಿ ನೋಡುತ್ತಿದ್ದೆ. ಒತ್ತಿದ ಗುಳಿ ಮೆಲ್ಲಗೆ ಮೇಲೆದ್ದು ಬಂದರೆ ಆಯಿತು ಅಂತ ಅರ್ಥ. ಆಗ ಅಂಗೈಯಿಂದ ಎರಡು ಸಲ ತಟ್ಟುತ್ತಿದ್ದೆ. ಆ ಸದ್ದು ಕೇಳಿದ ಕೂಡಲೇ ಅಕ್ಕ ಕಥೆಯವರು ಎಲ್ಲಿದ್ದರೂ ಎಳೆದು ತಂದು ಮನೆ ಸೇರಿಸಿಬಿಡುತ್ತಿದ್ದಳು. ಚಳಿ ಇದ್ದು ಹಿಟ್ಟು ತಡವಾದರೆ ಹಡಗಿಗೆ ಬಿರುಗಾಳಿ. ಸೆಕೆಗೆ ಬೇಗ ಆದರೆ ಅಡುಗೆಯವಳಿಗೆ ಮೊದಲ ಬಂದರಿನಲ್ಲೇ ವರ ಸಿಗುತ್ತಿದ್ದ. ನಾನೂ ಅಕ್ಕನೂ ಇದನ್ನು ಬಾಯಿಬಿಟ್ಟು ಮಾತಾಡಿಕೊಂಡದ್ದೇ ಇಲ್ಲ. ಈಗ ಯಾರೂ ತಟ್ಟುವುದಿಲ್ಲ. ಪಾಪ, ಅವಳು ಯಾವುದನ್ನು ಕೇಳಿ ನಿಲ್ಲಿಸಬೇಕು?

ನಿನ್ನ ಬ್ರೆಡ್ಡು ಒಂದು ದಿನ ಚೆನ್ನ, ಇನ್ನೊಂದು ದಿನ ಇಟ್ಟಿಗೆ ಆಗುವುದೂ ಅದಕ್ಕೇ. ಮಷೀನು ನಿಲ್ಲಿಸು, ಬೆರಳಿನಿಂದ ಒತ್ತು, ಆಗಿಲ್ಲದಿದ್ದರೆ ಮತ್ತೆ ತಿರುಗಿಸು. ಮಷೀನಿಗೆ ನಾದಲು ಬರುತ್ತೆ. ಆಯಿತೋ ಇಲ್ಲವೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ನಿನ್ನ ಮಾವ ನನಗೆ ಇಲ್ಲೇ ಇದ್ದುಬಿಡು ಅನ್ನುತ್ತಿದ್ದಾನೆ. "ಸಾಕು ಅಕ್ಕ, ಇನ್ನಾದ್ರೂ ಕೂತ್ಕೊಂಡು ತಿನ್ನು" ಅಂತಾನೆ. ಪ್ರೀತಿಯಿಂದಲೇ ಹೇಳುತ್ತಾನೆ. ಇಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ. ಅದು ನನಗೆ ಬಹಳ ಇಷ್ಟವಾಗಿದೆ, ಸುಳ್ಳು ಯಾಕೆ ಹೇಳಲಿ. ಇದ್ದುಬಿಡುತ್ತೇನೆ ಅಂತ ಕಾಣುತ್ತದೆ. ನಾದಲು ಆಗದ ಕೈ ಇಟ್ಟುಕೊಂಡು ಬೇಕರಿಗೆ ಬಂದು ಗಾಜಿನ ಕಪಾಟಿನ ಪಕ್ಕ ಬೊಂಬೆಯ ಹಾಗೆ ಕೂರುವುದು ನನ್ನಿಂದಾಗದು.

ನೀನು ಹೇಗೆ ಏಳುತ್ತಿದ್ದೆ ಅಂತ ಕೇಳಿದೆ. ನಾನು ನೋಡಿಯೇ ಇಲ್ಲ.

ಅಮ್ಮ


ಜುಲೈ ೨

ಅಮ್ಮನಿಗೆ,

ನಿನ್ನ ಕಾಗದ ಓದಿ ನಗಬೇಕೋ ಅಳಬೇಕೋ ತಿಳಿಯದೆ ಅಂಗಡಿ ಮಧ್ಯದಲ್ಲಿ ನಿಂತುಬಿಟ್ಟೆ. ನೀನು ಹಿಟ್ಟು ತಟ್ಟುತ್ತಿದ್ದದ್ದನ್ನು ನಾನು ಚಪ್ಪಾಳೆ ಅಂದುಕೊಂಡಿದ್ದೆ ಅಮ್ಮ! ಕಥೆ ಚೆನ್ನಾಗಿತ್ತು ಅಂತ ನೀನು ದೊಡ್ಡಮ್ಮನಿಗೆ ತಟ್ಟುತ್ತೀಯ ಅಂತ. ಚಿಕ್ಕವಳಿದ್ದಾಗ ನಾನೂ ತಟ್ಟುತ್ತಿದ್ದೆ, ನೆನಪಿದೆಯಾ? ಶಾಲೆಯಲ್ಲಿ ಯಾರಾದರೂ ಕಥೆ ಹೇಳಿ ಮುಗಿಸಿದರೆ ಡೆಸ್ಕಿನ ಮೇಲೆ ಎರಡು ಸಲ ತಟ್ಟಿ ಬೈಸಿಕೊಳ್ಳುತ್ತಿದ್ದೆ.

ಅವತ್ತು ಮುನಿಸಿಕೊಂಡು ಹೋದವರು ಇನ್ನೂ ಬೇಕರಿಗೆ ಬಂದಿರಲಿಲ್ಲ, ದೊಡ್ಡಮ್ಮನ ಮನೆಗೆ ಓಡಿದೆ. ಅವರ ಊಟದ ತಟ್ಟೆಯ ಪಕ್ಕ ಅಂಗೈಯಿಂದ ಎರಡು ಸಲ ತಟ್ಟಿದೆ. ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. "ಆಮೇಲೆ ಇಬ್ಬರೂ ಅಕ್ಕತಂಗಿಯರು ಹಡಗು ಇಳಿದು ಮನೆಗೆ ಬಂದ್ರು, ಸುಖವಾಗಿದ್ರು" ಅಂತ ಒಂದೇ ಉಸಿರಿಗೆ ಹೇಳಿ ಉಸ್ಸಪ್ಪಾ ಅಂದರು. ಎಷ್ಟು ದಿನದಿಂದ ಹೊತ್ತುಕೊಂಡಿದ್ದರೋ! ಮಾರನೆಯ ದಿನದಿಂದ ಬೇಕರಿಗೆ ಬರುತ್ತಿದ್ದಾರೆ.

ಡಾಕ್ಟರ ಹತ್ತಿರವೂ ಹೋಗಿದ್ದೆ. ಬೇಗ ಬಂದಿರಿ, ಕೈಗೆ ಬಿಡುವು ಕೊಟ್ಟರೆ ಆಪರೇಷನ್ ಬೇಕಾಗಲಿಕ್ಕಿಲ್ಲ ಅಂದರು.

ಈಗ ಕಷ್ಟದ ಮಾತು. ನೀನು ಹೇಳಿದ ಹಾಗೆ ಮಷೀನು ನಿಲ್ಲಿಸಿ ಬೆರಳಿನಿಂದ ಒತ್ತಿದೆ. ಗುಳಿ ಬಿತ್ತು. ಮೇಲೆ ಬಂತೋ, ಬರುತ್ತಿದೆಯೋ, ಬಂದಷ್ಟು ಸಾಕೋ, ಬೆಳಗಿನ ಹೊತ್ತು ನನ್ನ ಬೆರಳಿಗೆ ಏನೂ ತಿಳಿಯುವುದಿಲ್ಲ. ಕಣ್ಣಿನಿಂದ ನೋಡಿ ಅಂದಾಜು ಮಾಡುತ್ತೇನೆ. ದೊಡ್ಡಮ್ಮ ಒತ್ತಿದರೆ "ನಂಗೆ ಕಥೆ ಗೊತ್ತು, ಹಿಟ್ಟು ಗೊತ್ತಿಲ್ಲ" ಅಂತಾರೆ. ನಿನ್ನೆಯೂ ಅರ್ಧ ಇಟ್ಟಿಗೆ.

ಬೊಂಬೆಯ ಹಾಗೆ ಕೂರಲು ನಿನ್ನನ್ನು ಯಾರು ಕರೆದರು? ನಾದಲು ಮಷೀನಿದೆ. ನಿನ್ನ ತೋಳು ಬೇಡ. ಒಂದು ಬೆರಳು ಬೇಕು. ಕರುಣೆಯಿಂದ ಕರೆಯುತ್ತಿದ್ದಾಳೆ ಅಂದುಕೊಳ್ಳಬೇಡ, ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಅಷ್ಟು ಕರುಣೆಯಿಲ್ಲ. ನನ್ನ ಬ್ರೆಡ್ಡು ಕೆಡುತ್ತಿದೆ, ಅದಕ್ಕೆ ಕರೆಯುತ್ತಿದ್ದೇನೆ.

ಮೇಜಿನ ಇನ್ನರ್ಧ ಎಲ್ಲಿ ಅಂತ ನೀನು ಕೇಳಲೇ ಇಲ್ಲ. ಸೌದೆ ಮಾಡಿದೆ ಅಂದುಕೊಂಡೆಯಾ? ಮನೆಯ ಕಿಟಕಿಯ ಕೆಳಗಿದೆ. ಕುಯ್ದ ಕಡೆಗೆ ಎರಡು ಕಾಲು ಜೋಡಿಸಿದ್ದೇನೆ. ಅಪ್ಪ ನೋಡಿದ್ದರೆ ಒಂದು ಕಾಲು ಗಿಡ್ಡ ಅನ್ನುತ್ತಿದ್ದರು, ನಿಜವಾಗಿಯೂ ಗಿಡ್ಡ. ಪಿಳ್ಳೆ ಬೆಳಗ್ಗೆ ಅದರ ಮೇಲೆ ಕೂತು ಹಾಲು ಕುಡಿಯುತ್ತಾಳೆ. ಹಲಗೆಯಲ್ಲಿ ನೀನು ಸವೆಸಿದ ಗುಳಿ ಇದೆಯಲ್ಲ, ಅಂಗೈ ಊರುತ್ತಿದ್ದ ಜಾಗ, ಅದರಲ್ಲಿ ಲೋಟ ಇಟ್ಟರೆ ಅಲುಗುವುದಿಲ್ಲ ಅಂತ ಕಂಡುಹಿಡಿದಿದ್ದಾಳೆ.

ಬಿಸಿನೀರಿನ ನಲ್ಲಿ ನಮ್ಮ ಮನೆಗೂ ಹಾಕಿಸೋಣ.

ನಿನ್ನ
ಮಗಳು


ಜುಲೈ ೧೬

ಮಗಳಿಗೆ,

ಇದು ಅಂಚೆಗೆ ಹಾಕದ ಕಾಗದ. ನೀನು ನನ್ನಿಂದ ಎರಡು ಮಾರು ದೂರದಲ್ಲಿ ಮಲಗಿದ್ದೀಯ.

ನಿನ್ನ ಮಾವ ಕೊನೆಯವರೆಗೂ ಬೇಡ ಅಂದ. ಆಮೇಲೆ ತಾನೇ ಬಸ್ ನಿಲ್ದಾಣಕ್ಕೆ ಬಂದು, ಕಣ್ಣು ಒರೆಸಿಕೊಂಡು, "ಆಮೆ ಮಂಚದ ಕೆಳಗೆ ಸಿಕ್ಕಿಕೊಂಡ್ರೆ ಯಾರು ಹೇಳ್ತಾರೆ ನಂಗೆ?" ಅಂದ. ಅಳಿಯಂದಿರ ಬಸ್ಸಿನಲ್ಲೇ ಬಂದೆ. ನಿನಗೆ ಹೇಳಬೇಡಿ ಅಂತ ಅವರಿಂದ ಮಾತು ತೆಗೆದುಕೊಂಡಿದ್ದೆ. ಅವರೇ ಬೀಗ ತೆಗೆದು ನನ್ನನ್ನು ಒಳಗೆ ಬಿಟ್ಟು, ಸ್ನಾನಕ್ಕೆ ಹೋದರು.

ಬೆಳಕು ಈಗತಾನೇ ಕಿಟಕಿಗೆ ಬಂದಿದೆ. ಈ ಹೊತ್ತಿನಲ್ಲಿ ನಾನು ಒಂದು ಮನೆಯೊಳಗೆ ಸುಮ್ಮನೆ ಕೂತದ್ದು ಯಾವಾಗ ಅಂತ ಯೋಚಿಸಿದೆ. ನೆನಪಾಗಲಿಲ್ಲ. ಈ ಹೊತ್ತಿಗೆ ನನ್ನ ಮೊಣಕೈವರೆಗೆ ಹಿಟ್ಟಿರುತ್ತಿತ್ತು. ಅದಕ್ಕಾಗಿ ನಾನು ತಲೆ ತಗ್ಗಿಸುವುದಿಲ್ಲ ಮಗಳೇ. ಆ ಹಿಟ್ಟಿಲ್ಲದೆ ನೀನಿಲ್ಲ. ಆದರೆ ಏನು ಸಿಗಲಿಲ್ಲ ಅಂತ ಗೊತ್ತಿರಲಿಲ್ಲ, ಇವತ್ತು ಗೊತ್ತಾಯಿತು.

ಮೇಜಿನ ಅರ್ಧದ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಗಿಡ್ಡ ಕಾಲು ಹೌದು, ಒಂದೊಂದು ಸಾಲಿಗೂ ಅಲುಗುತ್ತದೆ. ಕುಯ್ದ ಅಂಚಿನ ಮೇಲೆ ಬೆರಳಾಡಿಸಿದೆ. ನಿನ್ನ ಅಪ್ಪನೂ ಇಷ್ಟು ನೇರವಾಗಿ ಕುಯ್ಯುತ್ತಿರಲಿಲ್ಲ. ಅವರಿಗೆ ಹೇಳಬೇಡ.

ಮೊದಲು ಪಿಳ್ಳೆ ಎದ್ದಳು. ನೀನು ಹೇಳಿದ ಹಾಗೆಯೇ ಒಂದು ಕಣ್ಣು. ಅದು ಕೋಣೆಯನ್ನೆಲ್ಲ ಸುತ್ತಿ ನನ್ನ ಮೇಲೆ ಬಂದು ನಿಂತಿತು. ಎರಡನೆಯದೂ ತೆರೆಯಿತು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವಳೂ ಇಟ್ಟಳು. ಈಗ ನನ್ನ ತೊಡೆಯ ಮೇಲೆ ಕೂತು, ನಾನು ಬರೆಯುವುದನ್ನು ನೋಡುತ್ತಾ, "ಅಜ್ಜಿ, ನಿನ್ನ ಅಕ್ಷರ ನನ್ನದಕ್ಕಿಂತ ಕೆಟ್ಟದು" ಅಂತ ಕಿವಿಯಲ್ಲಿ ಹೇಳುತ್ತಿದ್ದಾಳೆ. ಇಬ್ಬರೂ ನಿನಗಾಗಿ ಕಾಯುತ್ತಿದ್ದೇವೆ.

ನೀನು ಏಳುವುದನ್ನು ನೋಡಬೇಕು ಅಂತಲೇ ಬಂದೆ. ಬ್ರೆಡ್ಡು ಆಮೇಲೆ.

(ಇಲ್ಲಿ ಪೆನ್ನು ಕೆಳಗಿಟ್ಟಿದ್ದೆ. ಈಗ ಮುಂದಕ್ಕೆ ಬರೆಯುತ್ತೇನೆ. ನೀನು ಮುಖ ತೊಳೆಯಲು ಹೋಗಿದ್ದೀಯ. ಒಳಗಿನಿಂದ "ಹೇಳ್ದೆ ಕೇಳ್ದೆ ಬರ್ತಾರಾ ಯಾರಾದ್ರೂ!" ಅಂತ ಕೂಗುತ್ತಿದ್ದೀಯ.)

ನೀನು ಹೇಗೆ ಏಳುತ್ತೀಯ ಅಂತ ನನಗೆ ಗೊತ್ತಾ ಎಂದು ಕೇಳಿದ್ದೆಯಲ್ಲ. ಬರೆದಿಡುತ್ತೇನೆ, ಕೇಳು. ಮೊದಲು ಹುಬ್ಬು ಗಂಟಿಕ್ಕುತ್ತೀಯ, ಯಾರ ಜೊತೆಗೋ ಜಗಳ ಬಾಕಿಯಿರುವ ಹಾಗೆ. ಆಮೇಲೆ ಕಣ್ಣು ಮುಚ್ಚಿಕೊಂಡೇ ಕೈ ಚಾಚಿ ಪಿಳ್ಳೆ ಇದ್ದಾಳಾ ಅಂತ ತಡಕುತ್ತೀಯ. ಅವಳು ಅಲ್ಲಿರಲಿಲ್ಲ. ನೀನು ಗಾಬರಿಯಾಗುವ ಮೊದಲು ನಾನು ಪಿಳ್ಳೆಯನ್ನು ಇಳಿಸಿ ಎದ್ದು ಬಂದು ಬಗ್ಗಿ, ಈ ಬುದ್ಧಿ ಬಂದ ಬೆರಳಿನಿಂದ ನಿನ್ನ ಕೆನ್ನೆ ಮೆಲ್ಲಗೆ ಒತ್ತಿದೆ.

ಗುಳಿ ಬಿತ್ತು. ಮೆಲ್ಲಗೆ ಮೇಲೆದ್ದು ಬಂತು. ಪಿಳ್ಳೆಗೆ ಏನು ತಿಳಿಯಿತೋ, ಮೇಜಿನ ಮೇಲೆ ಎರಡು ಸಲ ತಟ್ಟಿದಳು.

ನಾನು ನಾದಿದ್ದು. ಚೆನ್ನಾಗಿ ಆಗಿದೆ.

ಬಾ, ಬೇಕರಿಗೆ ಹೊತ್ತಾಯಿತು.

ನಿನ್ನ
ಅಮ್ಮ